ಬಯೋಫಿಲ್ಮ್ ಸೋಂಕು: ನ್ಯಾನೊಕಣ ಮಾಡುವುದೇನು?

ಆಂಟಿಬಯಾಟಿಕ್ ಮುಗಿಸಿದ ಮೇಲೂ ಸೋಂಕು ಮರುಕಳಿಸಿದರೆ, ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದ ತಳಿಯಾಗಿದೆ ಎಂದೇ ಎಲ್ಲರೂ ಭಾವಿಸುತ್ತಾರೆ. ಎಷ್ಟೋ ಸಲ ಅದು ನಿಜವಲ್ಲ. ಮೂತ್ರದ ಕ್ಯಾತಿಟರ್, ಕೃತಕ ಮಂಡಿಕೀಲು, ಹೃದಯದ ಕೃತಕ ಕವಾಟ ಇಂಥವುಗಳಿಗೆ ಬ್ಯಾಕ್ಟೀರಿಯಾ ಗುಂಪಾಗಿ ಅಂಟಿಕೊಂಡು, ತಾವೇ ಸ್ರವಿಸಿದ ಲೋಳೆಯೊಳಗೆ ಬೀಡುಬಿಡುತ್ತವೆ. ಇದೇ ಬಯೋಫಿಲ್ಮ್. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ತಾಗುವ ಜಿಗುಟೂ ಇದೇ ಜಾತಿಯದು. ಲೋಳೆಯ ತಳದಲ್ಲಿ ಆಹಾರವೂ ಆಮ್ಲಜನಕವೂ ಕಡಿಮೆ. ಅಲ್ಲಿನ ಕೋಶಗಳು ಬೆಳೆಯುವುದನ್ನೇ ನಿಲ್ಲಿಸಿರುತ್ತವೆ; ಬೆಳೆಯುವ ಕೋಶವನ್ನು ಹೊಡೆಯುವ ಔಷಧಿ ಅವನ್ನು ಏನೂ ಮಾಡಲಾರದು. ಅವನ್ನೇ ಬಿಡಿಸಿ ಲ್ಯಾಬಿನಲ್ಲಿ ಬೆಳೆಸಿದರೆ ಅದೇ ಔಷಧಿಗೆ ಸಾಯುತ್ತವೆ. ಕಲ್ಚರ್ ವರದಿಯಲ್ಲಿ ‘ಸೆನ್ಸಿಟಿವ್’ ಎಂದಿದ್ದರೂ ರೋಗ ವಾಸಿಯಾಗದಿರಲು ಇದೂ ಒಂದು ಕಾರಣ.

ಡೋಸ್ ಏರಿಸಿದರಾಯಿತಲ್ಲ ಎನ್ನಬಹುದು. ಆದರೆ ಅಮಿಕಾಸಿನ್, ಟೋಬ್ರಾಮೈಸಿನ್ ಎಂಬ ಆಂಟಿಬಯಾಟಿಕ್‌ಗಳ ಪ್ರಮಾಣ ಮಿತಿಮೀರಿದರೆ ಕಿವಿಗೂ ಮೂತ್ರಪಿಂಡಕ್ಕೂ ಪೆಟ್ಟು.

ಇಲ್ಲೇ ಔಷಧಿಯನ್ನು ಹೊತ್ತೊಯ್ಯುವ ನ್ಯಾನೊಕಣ ನೆರವಿಗೆ ಬರುತ್ತದೆ. ಅದು ಬಹಳ ಚಿಕ್ಕದು, ಆದ್ದರಿಂದ ಲೋಳೆಯೊಳಗೆ ನುಗ್ಗುತ್ತದೆ ಎಂಬ ಮಾತಂತೂ ಪೂರ್ತಿ ತಲೆಕೆಳಗು. ಅಮಿಕಾಸಿನ್ ಅಣುವಿನ ಗಾತ್ರ ಒಂದು ನ್ಯಾನೊಮೀಟರ್ ಆಸುಪಾಸು. ಅದನ್ನು ತುಂಬಿಸುವ ಲೈಪೊಸೋಮ್ ಎಂಬ ಕೊಬ್ಬಿನ ಗುಳ್ಳೆ ಸುಮಾರು 300 ನ್ಯಾನೊಮೀಟರ್! ತೊಡಕು ಗಾತ್ರದ್ದಲ್ಲ, ವಿದ್ಯುದಂಶದ್ದು. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಕಟ್ಟುವ ಲೋಳೆಯದು ಋಣ ವಿದ್ಯುದಂಶ, ಈ ಔಷಧಿಗಳದು ಧನ. ಹೀಗಾಗಿ ಬರಿಯ ಔಷಧಿ ಹೊರಪದರದಲ್ಲೇ ಸಿಕ್ಕಿಬೀಳುತ್ತದೆ. ವಿದ್ಯುದಂಶವಿಲ್ಲದ ಗುಳ್ಳೆಯೊಳಗೆ ಅಡಗಿದ ಔಷಧಿ ಅಂಟಿಕೊಳ್ಳದೆ ಒಳಗಿಳಿದು, ಅಲ್ಲಿ ಬಿಡುಗಡೆಯಾಗುತ್ತದೆ.

ಇದು ಲ್ಯಾಬಿನಲ್ಲೇ ಉಳಿದ ಕನಸೂ ಅಲ್ಲ. ಕ್ಷಯದ ಬ್ಯಾಕ್ಟೀರಿಯಾದ ಸಂಬಂಧಿಯಾದ ‘ಮ್ಯಾಕ್’ ಗುಂಪು ತರುವ, ಬೇರೆ ಮದ್ದಿಗೆ ಬಗ್ಗದ ಶ್ವಾಸಕೋಶದ ಸೋಂಕಿಗೆ ಉಸಿರಿನ ಮೂಲಕ ಕೊಡುವ ಲೈಪೊಸೋಮ್ ಅಮಿಕಾಸಿನ್‌ಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ನೀಡಿತು. ಪ್ರಯೋಗದಲ್ಲಿ ಮಾಮೂಲಿ ಔಷಧಿಗಳ ಜತೆ ಇದನ್ನೂ ಪಡೆದವರಲ್ಲಿ ಆರು ತಿಂಗಳಿಗೆ ಶೇ 29ರಷ್ಟು ಮಂದಿಯ ಕಫ ಬ್ಯಾಕ್ಟೀರಿಯಾಮುಕ್ತವಾಯಿತು. ಮಾಮೂಲಿ ಔಷಧಿ ಮಾತ್ರ ಪಡೆದವರಲ್ಲಿ ಶೇ 9. ಮೂರು ಪಟ್ಟು ಲಾಭ ನಿಜ. ಆದರೂ ಪ್ರತಿ ಹತ್ತರಲ್ಲಿ ಏಳು ಮಂದಿಗೆ ಫಲ ಸಿಗಲಿಲ್ಲ, ಅನೇಕರಿಗೆ ಕೆಮ್ಮು, ದನಿ ಒಡೆಯುವ ತೊಂದರೆ ಕಾಡಿತು. ನ್ಯಾನೊ ಎಂದೊಡನೆ ಪವಾಡ ಎನ್ನುವವರು ಈ ಅಂಕಿಯನ್ನೂ ಹೇಳಬೇಕು.

ಇನ್ನು ಬೆಳ್ಳಿಯ ನ್ಯಾನೊಕಣದ ಮಾತು. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಹೌದು. ಗಾಯದ ಪಟ್ಟಿಗಳಲ್ಲಿ ಅದರ ಬಳಕೆಯೂ ಇದೆ. ಹಾಗೆಂದು ಬೆಳ್ಳಿಯ ದ್ರಾವಣ ಕುಡಿದರೆ ಒಳಗಿನ ಸೋಂಕು ಹೋಗದು. ಕುಡಿಯುತ್ತಲೇ ಇದ್ದರೆ ಚರ್ಮ ಬೂದು ನೀಲಿಗೆ ತಿರುಗಿ ಹಾಗೇ ಉಳಿದುಬಿಡಬಹುದು. ಕ್ಯಾತಿಟರ್ ಅಥವಾ ಕೃತಕ ಕೀಲು ಇರುವವರಿಗೆ ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ಅಂಥ ಬಾಟಲಿಗೆ ದುಡ್ಡು ಸುರಿಯಬೇಡಿ. ಸಾಧನವನ್ನೇ ಬದಲಿಸಬೇಕೇ ಎಂದು ವೈದ್ಯರನ್ನು ಕೇಳಿ.