ಹಳೆಯ ಕಾರು ಮತ್ತು ಭಾನುವಾರದ ತಲೆನೋವು

ಕಳೆದ ವರ್ಷದ ಬೇಸಿಗೆಯಲ್ಲಿ ತಂದೆಯೊಬ್ಬರು ತಮ್ಮ ಹದಿನಾರು ವರ್ಷದ ಮಗಳನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ರಾತ್ರಿ ಎರಡು ಗಂಟೆಯವರೆಗೆ ಮೊಬೈಲು, ಬೆಳಿಗ್ಗೆ ಹತ್ತಕ್ಕೆ ಏಳುವುದು, ಹಸಿವಿಲ್ಲ, ಮಾತಿಲ್ಲ. ತಾಯಿ ತೀರಿಕೊಂಡು ಒಂದು ವರ್ಷವಾಗಿತ್ತು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ತಂದೆಯೇ ಉತ್ತರಿಸುತ್ತಿದ್ದರು. ಮಗಳು ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದಳು.

ಮನೆಯಲ್ಲಿ ಇಬ್ಬರೂ ಸೇರಿ ಮಾಡುವ ಕೆಲಸ ಯಾವುದಾದರೂ ಉಂಟೇ ಎಂದು ಕೇಳಿದೆ. ಇಲ್ಲವೆಂದರು ತಂದೆ. ಆಗ ಹುಡುಗಿ ಮೊದಲ ಬಾರಿಗೆ ಬಾಯಿಬಿಟ್ಟಳು: "ಅಜ್ಜನ ಕಾರು ಗುಜರಿಗೆ ಹಾಕಬ್ಯಾಡ ಅಂತ ಅಪ್ಪಗ ಹೇಳ್ರಿ."

ಹಿತ್ತಿಲಿನ ಶೆಡ್ಡಿನಲ್ಲಿ ಅಜ್ಜನ ಪ್ರೀಮಿಯರ್ ಪದ್ಮಿನಿ ಆರು ವರ್ಷಗಳಿಂದ ನಿಂತಿತ್ತು. ನನ್ನ ವಯಸ್ಸಿನವರಿಗೆ ಆ ಕಾರನ್ನು ಪರಿಚಯಿಸಬೇಕಾಗಿಲ್ಲ. ಮುಂಬೈಯಲ್ಲಿ ಫಿಯಟ್ ಹೆಸರಿನಿಂದ ತಯಾರಾಗುತ್ತಿದ್ದು, 1970ರ ದಶಕದಲ್ಲಿ ಪದ್ಮಿನಿಯಾದ ಗಾಡಿ. 1089 ಸಿಸಿ ಎಂಜಿನ್, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ. ಹೆಸರು ಬದಲಾದರೂ ನಮ್ಮ ಬಾಯಲ್ಲಿ ಅದು ಫಿಯಟ್ಟೇ.

ರಾತ್ರಿ ಜಾಗರಣೆಯಿಂದ ದೇಹದಲ್ಲಿ ರೂಕ್ಷತೆ ಹೆಚ್ಚಿ ವಾತ ಕೆರಳುತ್ತದೆಂದು ಆಯುರ್ವೇದ ಹೇಳುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂಬುದು ಆಧುನಿಕ ವೈದ್ಯರ ಮಾತು. ಮಲಗುವ ಮುನ್ನ ಪಾದಗಳಿಗೆ ಎಳ್ಳೆಣ್ಣೆ ತಿಕ್ಕಲು, ಮೊಬೈಲನ್ನು ಬೇರೆ ಕೋಣೆಯಲ್ಲಿಡಲು ಹೇಳಿದೆ. ಕಾರನ್ನು ಮಾರದೆ ಇಬ್ಬರೂ ಸೇರಿ ದುರಸ್ತಿ ಮಾಡಿರೆಂದೂ ಹೇಳಿದೆ.

ತಂದೆ ಬ್ಯಾಂಕ್ ನೌಕರರು, ಕೈಯಲ್ಲಿ ಪಾನಾ ಹಿಡಿದವರಲ್ಲ. ಇದು ಒಳ್ಳೆಯದೇ ಆಯಿತೆಂದು ಈಗ ಅನ್ನಿಸುತ್ತದೆ. ಬಲ್ಲ ತಂದೆಯಾಗಿದ್ದರೆ ಪಾಠ ಹೇಳುತ್ತಿದ್ದರು, ಮಗಳು ಎದ್ದು ಹೋಗುತ್ತಿದ್ದಳು. ಇಲ್ಲಿ ಇಬ್ಬರಿಗೂ ಏನೂ ಗೊತ್ತಿರಲಿಲ್ಲ. ಸೀಟಿನ ನಾರಿನೊಳಗೆ ಇಲಿಗಳು ಗೂಡು ಕಟ್ಟಿದ್ದವು. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲು ಅಂಟಾಗಿ ಕಾರ್ಬೊರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿತ್ತು. ಅವನ್ನು ಬಿಡಿಸಲು ಎರಡು ಭಾನುವಾರ ಹಿಡಿಯಿತು. ಎದುರುಬದುರು ಕುಳಿತಾಗ ಬಾರದ ಮಾತು, ಇಬ್ಬರ ಕಣ್ಣೂ ಒಂದೇ ಬೋಲ್ಟಿನ ಮೇಲಿದ್ದಾಗ ಬರುತ್ತದೆ. ತಾಯಿಯ ಕೊನೆಯ ದಿನಗಳ ಬಗ್ಗೆ ಮಗಳು ಮೊದಲು ಕೇಳಿದ್ದು ತುಕ್ಕು ಉಜ್ಜುವಾಗಲೇ ಎಂದು ಆ ತಂದೆ ನನಗೆ ಹೇಳಿದರು. ಜೂನ್ ಹೊತ್ತಿಗೆ ಆಕೆ ರಾತ್ರಿ ಹತ್ತೂವರೆಗೆ ಮಲಗತೊಡಗಿದ್ದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ನನ್ನ ಹೊಗಳಿಕೆಯಾಗುತ್ತಿತ್ತು. ಜುಲೈ ತಿಂಗಳ ಒಂದು ಭಾನುವಾರ ಸಂಜೆ ಹುಡುಗಿ ತಲೆನೋವು, ವಾಕರಿಕೆಯೆಂದು ಮನೆಗೆ ಬಂದಳು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಪುಟ್ಟ ಯಂತ್ರ 98 ತೋರಿಸಿತು. ಪಿತ್ತದ ತಲೆನೋವೆಂದು ಬಗೆದು ಚೂರ್ಣ ಕೊಟ್ಟು ಕಳುಹಿಸಿದೆ. ಮುಂದಿನ ಭಾನುವಾರ ತಂದೆಗೂ ಅದೇ ತಲೆನೋವು, ಅದೇ ಹೊತ್ತಿಗೆ. "ಹೊರಗ ಬಂದು ಕುಂತ್ರ ಕಡಿಮಿ ಆಗ್ತದ್ರಿ," ಎಂದಳು ಹುಡುಗಿ. ಆಗ ನನ್ನ ಎದೆ ನಡುಗಿತು. ಎಂಜಿನ್ ಚಾಲೂ ಆದ ಸಂಭ್ರಮದಲ್ಲಿ, ಜಿಟಿಜಿಟಿ ಮಳೆಯೆಂದು, ಅವರು ಶೆಡ್ಡಿನ ಕದ ಮುಚ್ಚಿಕೊಂಡು ಗಾಡಿಯನ್ನು ಓಡಿಸಿ ನೋಡುತ್ತಿದ್ದರು.

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಸಾಧನ ಹಳೆಯ ಗಾಡಿಗಳಲ್ಲಿಲ್ಲ. ಚೋಕ್ ಎಳೆದಾಗಲಂತೂ ಈ ಅನಿಲ ಇನ್ನೂ ಹೆಚ್ಚು. ಬೆರಳಿನ ಯಂತ್ರವು ಆ ಅನಿಲ ಹೊತ್ತ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸುತ್ತದೆ. ನಾನು ಮೋಸಹೋದದ್ದು ಅಲ್ಲಿ. ಒಂದೇ ಜಾಗದಲ್ಲಿದ್ದ ಇಬ್ಬರಿಗೆ ಒಂದೇ ಹೊತ್ತಿಗೆ ತಲೆನೋವು ಬಂದರೆ ತಕ್ಷಣ ಬಯಲಿಗೆ ಕರೆತಂದು, ಆಮ್ಲಜನಕ ಕೊಡುವ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ನನ್ನ ಚೂರ್ಣ ಕಷಾಯಗಳಿಗೆ ಕೆಲಸವಿಲ್ಲ. ಅಂದು ಅವರನ್ನು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಇಬ್ಬರೂ ಮರುದಿನ ಮನೆಗೆ ಬಂದರು.

ಹೀಗೆ ಮಕ್ಕಳೊಡನೆ ಕೆಲಸಕ್ಕೆ ಇಳಿಯುವವರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಸುಳಬಾರದು. ಹಳೆಯ ಬ್ರೇಕಿನ ಧೂಳಿನಲ್ಲಿ ಕಲ್ನಾರು ಇರುವುದುಂಟು, ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗ್ರೀಸ್ ಹತ್ತಿದ ಕೈಯನ್ನು ಪೆಟ್ರೋಲಿನಿಂದ ತೊಳೆಯುವ ಚಾಳಿ ಆ ತಂದೆಗಿತ್ತು. ಚರ್ಮ ಬಿರಿದು ಬಂದಾಗ ಬೈದೆ. ಕೊಬ್ಬರಿ ಎಣ್ಣೆ ತಿಕ್ಕಿ ಕಡಲೆಹಿಟ್ಟಿನಿಂದ ತೊಳೆದರೆ ಸಾಕು.

ದಸರೆಯ ಹೊತ್ತಿಗೆ ಕಾರು ನನ್ನ ಮನೆಯ ಮುಂದೆ ಬಂದು ನಿಂತಿತು. ಬ್ರೇಕನ್ನು ಮಾತ್ರ ಹಿರಿಯ ಮೆಕ್ಯಾನಿಕರೊಬ್ಬರಿಂದ ಮಾಡಿಸಿದ್ದರು. ಓಡಿಸಲು ಹದಿನೆಂಟು ತುಂಬಬೇಕಾದ್ದರಿಂದ ಹುಡುಗಿ ಎಡಗಡೆ ಕುಳಿತು, ಗೇರು ಬಿದ್ದ ಸದ್ದಿಗೆ ಅಪ್ಪನನ್ನು ಗದರುತ್ತಿದ್ದಳು. ಶೆಡ್ಡಿನ ಎರಡೂ ಕದಗಳನ್ನು ಅವಳೇ ಕಳಚಿ ಮಾಳಿಗೆಯ ಮೇಲೆ ಹಾಕಿದ್ದಾಳಂತೆ.