ಮುದಿ ಯಂತ್ರಕ್ಕೆ ಮರುಹುಟ್ಟು

ರಾತ್ರಿಯ ಊಟ ಮುಗಿದು ಒಂದು ಗಂಟೆಯಾಗಿದೆ. ಅಡಿಗೆಮನೆಯ ಕಟ್ಟೆಯ ಕೆಳಗೆ ಕಪಾಟಿನಂತೆ ಹುದುಗಿ ನಿಂತಿರುವ ಯಂತ್ರ ತನ್ನ ಕೆಲಸ ಮುಗಿಸಿ ಮೌನವಾಗಿರಬೇಕಾದ ಹೊತ್ತು. ಆದರೆ ಇಂದು ಅದು ನಡುವೆಯೇ ಒಮ್ಮೆ ಗುರುಗುಟ್ಟಿ ಸುಮ್ಮನಾಗಿದೆ. ಬಾಗಿಲು ತೆರೆದರೆ ತಟ್ಟೆ ಲೋಟಗಳ ಕೆಳಗೆ ನಾಲ್ಕು ಬೆರಳಿನಷ್ಟು ಕೊಳಕು ನೀರು. ಅದರ ಮೇಲೆ ಎಣ್ಣೆಯ ಪೊರೆ. ಗೃಹಿಣಿ ಗಂಡನ ಮುಖ ನೋಡುತ್ತಾಳೆ. ಗಂಡ ಯಂತ್ರದ ಮುಖ ನೋಡುತ್ತಾನೆ. ಇಪ್ಪತ್ತೈದು ವರ್ಷ ದುಡಿದದ್ದು ಸಾಲದೆ, ಹೊಸದೊಂದನ್ನು ತಂದರಾಯಿತು ಎಂಬ ಮಾತು ಇಬ್ಬರಲ್ಲಿ ಒಬ್ಬರ ಬಾಯಿಂದ ಬಂದೇ ಬರುತ್ತದೆ.

ಅಮೆರಿಕದ ಯಾವ ಪಟ್ಟಣದಲ್ಲಾದರೂ ಇಂಥದೊಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಅಲ್ಲಿ ಡಿಶ್‌ವಾಷರ್ ಎಂಬುದು ಸಿರಿವಂತರ ಆಡಂಬರವಲ್ಲ. ಒಲೆಯಂತೆ, ನಲ್ಲಿಯಂತೆ, ಸಾಧಾರಣ ಸಂಸಾರದ ಸಾಮಾನು. ಕೆಟ್ಟಾಗ ಮೇಸ್ತ್ರಿಯನ್ನು ಕರೆಯಬಹುದು. ಆದರೆ ಆತ ಬಂದು ಬಾಗಿಲು ತೆರೆದು ನೋಡಿದ್ದಕ್ಕೇ ಒಂದು ಶುಲ್ಕ, ಮುಟ್ಟಿದ್ದಕ್ಕೆ ಇನ್ನೊಂದು. ಹಳೆಯ ಯಂತ್ರವಾದರೆ, ಅದರ ಮೇಲೆ ಇಷ್ಟು ಹಣ ಸುರಿಯುವುದಕ್ಕಿಂತ ಹೊಸದನ್ನು ಕೊಳ್ಳುವುದು ಲೇಸೆಂದು ಆತನೇ ಉಪದೇಶಿಸುವುದೂ ಉಂಟು. ಹೀಗಾಗಿ ಒಂದು ಪುಟ್ಟ ಪ್ಲಾಸ್ಟಿಕ್ಕಿನ ಚಕ್ರ ಮುರಿದುದಕ್ಕಾಗಿ, ಮೈಯೆಲ್ಲ ಗಟ್ಟಿಯಾಗಿರುವ ಯಂತ್ರವೊಂದು ಬೀದಿಯ ಅಂಚಿಗೆ ಬರುತ್ತದೆ. ಈ ಗೃಹಸ್ಥನಿಗೆ ಹಾಗೆ ಮಾಡಲು ಮನಸ್ಸೊಪ್ಪಲಿಲ್ಲ. ಜಿಪುಣತನವೆನ್ನಿ, ಹಟವೆನ್ನಿ, ತಾನೇ ಒಮ್ಮೆ ಬಿಚ್ಚಿ ನೋಡುತ್ತೇನೆಂದು ಆತ ನಿರ್ಧರಿಸಿದ.

ಬಿಚ್ಚುವ ಮುನ್ನ ಈ ಯಂತ್ರದ ವಂಶಾವಳಿಯನ್ನು ತಿಳಿಯುವುದು ಒಳ್ಳೆಯದು. ಇಲಿನಾಯ್ ಸಂಸ್ಥಾನದ ಶೆಲ್ಬಿವಿಲ್ ಎಂಬ ಚಿಕ್ಕ ಊರಿನಲ್ಲಿ ಜೋಸೆಫೀನ್ ಕಾಕ್ರೇನ್ ಎಂಬ ಮಹಿಳೆಯಿದ್ದಳು. ಮನೆತನದಿಂದ ಬಂದ ನಯವಾದ ಪಿಂಗಾಣಿಯ ತಟ್ಟೆಗಳು ಆಳುಗಳ ಕೈಯಲ್ಲಿ ಅಂಚು ಒಡೆಯುವುದನ್ನು ಸಹಿಸಲಾರದೆ ಆಕೆ ಯಂತ್ರದ ಯೋಚನೆಗೆ ತೊಡಗಿದಳೆಂದು ಹೇಳುತ್ತಾರೆ. 1883ರಲ್ಲಿ ಗಂಡ ತೀರಿಕೊಂಡು ಸಾಲ ಉಳಿದಾಗ, ವಿನೋದದ ಯೋಚನೆ ಬದುಕಿನ ಪ್ರಶ್ನೆಯಾಯಿತು. ಜಾರ್ಜ್ ಬಟರ್ಸ್ ಎಂಬ ಯಾಂತ್ರಿಕನ ನೆರವಿನಿಂದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಆಕೆ ಯಂತ್ರ ಕಟ್ಟಿಸಿ, 1886ರ ಡಿಸೆಂಬರ್ 28ರಂದು ಅದರ ಹಕ್ಕುಪತ್ರ ಪಡೆದಳು. ತಟ್ಟೆಯ ಅಳತೆಗೆ ತಕ್ಕ ತಂತಿಯ ಗೂಡುಗಳು, ಅವುಗಳನ್ನು ಹೊತ್ತ ಚಕ್ರ, ಬಿಸಿ ಸಾಬೂನು ನೀರನ್ನು ಚಿಮ್ಮುವ ಪಂಪು: ಇಷ್ಟೇ ಅದರ ಸಾರ. ಅದಕ್ಕೆ ಮೊದಲು ಬಂದ ಯಂತ್ರಗಳೂ ಇದ್ದುವು. ಆದರೆ ಪಾತ್ರೆಯನ್ನು ಉಜ್ಜದೆ ನೀರಿನ ರಭಸದಿಂದಲೇ ತೊಳೆಯಬಹುದೆಂಬುದನ್ನು ಬಳಕೆಯಲ್ಲಿ ಸಾಧಿಸಿ ತೋರಿಸಿದವಳು ಈಕೆ. 1893ರ ಚಿಕಾಗೋ ವಿಶ್ವಪ್ರದರ್ಶನದಲ್ಲಿ ಆಕೆಯ ಯಂತ್ರಗಳು ಭೋಜನಶಾಲೆಗಳ ಪಾತ್ರೆ ತೊಳೆದುವು. ಹೋಟೆಲುಗಳು ಕೊಂಡುವು, ಮನೆಗಳು ಕೊಳ್ಳಲಿಲ್ಲ. ಅಷ್ಟೊಂದು ಬಿಸಿನೀರು ಆಗಿನ ಮನೆಗಳಲ್ಲಿ ಎಲ್ಲಿಂದ ಬರಬೇಕು! ಆಕೆ 1913ರಲ್ಲಿ ತೀರಿಕೊಂಡಳು. 1926ರಲ್ಲಿ ಅವಳ ಕಂಪನಿಯನ್ನು ಹೊಬಾರ್ಟ್ ಸಂಸ್ಥೆ ಕೊಂಡಿತು; 1949ರಲ್ಲಿ ಕಿಚನ್‌ಏಡ್ ಎಂಬ ಹೆಸರಿನಿಂದ ಮನೆಬಳಕೆಯ ಯಂತ್ರವನ್ನು ಹೊರತಂದಿತು. ತಂತಿಯ ಗೂಡು, ಬಿಸಿನೀರು, ಪಂಪು ಎಂಬ ಆ ಮೂರು ಅಂಗಗಳು ಇಂದಿಗೂ ಬದಲಾಗಿಲ್ಲ.

ಯಂತ್ರದ ಒಳಗೆ ನಡೆಯುವುದೇನು? ಬಾಗಿಲು ಮುಚ್ಚಿದ ಮೇಲೆ ಒಳಗಿನ ತೊಟ್ಟಿ ಕಂಠಮಟ್ಟ ತುಂಬುತ್ತದೆಂದು ಹಲವರ ಎಣಿಕೆ. ಅದು ತಪ್ಪು. ವಿದ್ಯುತ್ತಿನಿಂದ ತೆರೆಯುವ ಕವಾಟವೊಂದು ಕೆಲವೇ ಲೀಟರು ನೀರನ್ನು ಒಳಗೆ ಬಿಡುತ್ತದೆ. ಪಂಪು ಆ ನೀರನ್ನೇ ಮತ್ತೆ ಮತ್ತೆ ಎತ್ತಿ, ತೂತುಗಳುಳ್ಳ ತೋಳುಗಳ ಮೂಲಕ ಚಿಮ್ಮುತ್ತದೆ. ಚಿಮ್ಮುವ ರಭಸಕ್ಕೆ ತೋಳುಗಳು ತಾವೇ ತಿರುಗುತ್ತವೆ. ಅವುಗಳನ್ನು ತಿರುಗಿಸಲು ಬೇರೆ ಮೋಟಾರು ಬೇಕಿಲ್ಲ. ತಳದಲ್ಲಿ ಬಳೆಯಂತೆ ಬಾಗಿದ ಕಾವಿನ ಸರಳು ನೀರನ್ನು ಬಿಸಿಮಾಡುತ್ತದೆ. ಕೊನೆಗೆ ಕೊಳೆನೀರನ್ನು ಹೊರದೂಡಬೇಕು. ಕೆಲವು ಹಳೆಯ ಯಂತ್ರಗಳಲ್ಲಿ ಅದೇ ಮೋಟಾರು ಹಿಂದುಮುಂದಾಗಿ ತಿರುಗಿ ಈ ಕೆಲಸ ಮಾಡಿದರೆ, ಇನ್ನು ಕೆಲವಕ್ಕೆ ಬೇರೆಯೇ ಒಂದು ಪುಟ್ಟ ಪಂಪುಂಟು. ಇವೆಲ್ಲಕ್ಕೂ ತಾಳ ಹಾಕುವುದು ಬಾಗಿಲಿನ ಟೈಮರು. ಹಳೆಯ ಯಂತ್ರದಲ್ಲಿ ಅದು ಹಲ್ಲುಗಳುಳ್ಳ ಉರುಳೆ. ಟಿಕ್ ಟಿಕ್ ಎಂದು ಅದು ಸರಿಯುವುದು ಕಿವಿಗೆ ಕೇಳಿಸುತ್ತದೆ. ಹೊಸತರಲ್ಲಿ ಅದರ ಜಾಗಕ್ಕೆ ಮಾತಿಲ್ಲದ ವಿದ್ಯುನ್ಮಾನ ಫಲಕ ಬಂದಿದೆ. ಕಿವಿಗೊಟ್ಟು ರೋಗ ತಿಳಿಯುವ ಸೌಕರ್ಯ ಹಳೆಯದಕ್ಕೇ ಹೆಚ್ಚೆಂದು ಹೇಳಬೇಕು.

ಮೊದಲ ಕೆಲಸ ವಿದ್ಯುತ್ತನ್ನು ಮನೆಯ ಮುಖ್ಯ ಫಲಕದಲ್ಲಿಯೇ ನಿಲ್ಲಿಸುವುದು. ಎರಡನೆಯದು ನೀರಿನ ನಲ್ಲಿಯನ್ನು ಕಟ್ಟುವುದು. ನೀರೂ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿರುವೆಡೆ ಅವಸರ ಸಲ್ಲದು. ಗೃಹಸ್ಥ ಲೋಟದಿಂದ ನೀರನ್ನು ಮೊಗೆದು, ಉಳಿದುದನ್ನು ಬಟ್ಟೆಯಲ್ಲಿ ಹಿಂಡಿ ತೆಗೆದ. ಕೆಳಗಿನ ಗೂಡನ್ನು ಎಳೆದಿಟ್ಟು, ತೋಳನ್ನು ಬಿಚ್ಚಿ, ಶೋಧಕದ ಜಾಲರಿಯನ್ನು ಎತ್ತಿದ. ಇಂಥ ಗುಂಡಿಗಳಲ್ಲಿ ಸಿಗುವ ಸಾಮಾನುಗಳನ್ನು ಕಂಡರೆ ನಗು ಬರುತ್ತದೆ: ಹಲ್ಲುಕಡ್ಡಿ, ಹಣ್ಣಿನ ಬೀಜ, ಸೀಸೆಯಿಂದ ಕಳಚಿ ಹಿಟ್ಟಾದ ಕಾಗದದ ಚೀಟಿ. ಇಲ್ಲಿ ಅವುಗಳೊಡನೆ ಒಂದು ಗಾಜಿನ ಚೂರೂ ಇತ್ತು. ಎಂದೋ ಒಡೆದ ಲೋಟದ ಆ ಚೂರು ಕೊಳೆನೀರಿನ ಪಂಪಿನೊಳಗೆ ಸೇರಿ, ಅದರ ರೆಕ್ಕೆಚಕ್ರದ ಎರಡು ರೆಕ್ಕೆಗಳನ್ನು ಕತ್ತರಿಸಿತ್ತು.

ಎಲ್ಲ ಸಲವೂ ಬಿಡಿಭಾಗ ಬೇಕಾಗುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ನೀರು ಒಳಗೆ ಬಾರದಿದ್ದರೆ ಕವಾಟವನ್ನು ಬದಲಿಸುವ ಮೊದಲು ತಳದಲ್ಲಿರುವ ತೇಲುಬುರುಡೆಯನ್ನು ಬೆರಳಿನಿಂದ ಆಡಿಸಿ ನೋಡಬೇಕು. ಕಸ ಸೇರಿ ಅದು ಮೇಲೆಯೇ ಸಿಕ್ಕಿಕೊಂಡರೆ, ತೊಟ್ಟಿ ತುಂಬಿತೆಂದು ಭ್ರಮಿಸಿ ಯಂತ್ರ ನೀರನ್ನು ತಡೆಯುತ್ತದೆ. 2010ರಲ್ಲಿ ನಡೆದುದಂತೂ ಸ್ವಾರಸ್ಯಕರವಾದುದು. ಕೆರೆ ಹೊಳೆಗಳಲ್ಲಿ ಪಾಚಿ ಬೆಳೆಯುತ್ತದೆಂಬ ಕಾರಣದಿಂದ, ಆ ವರ್ಷದ ಜುಲೈ ತಿಂಗಳಲ್ಲಿ ಅಮೆರಿಕದ ಹಲವು ಸಂಸ್ಥಾನಗಳು ಪಾತ್ರೆಯ ಸಾಬೂನುಪುಡಿಯಲ್ಲಿ ಫಾಸ್ಫೇಟನ್ನು ಬಹುಮಟ್ಟಿಗೆ ನಿಷೇಧಿಸಿದುವು. ಕಂಪನಿಗಳು ಪುಡಿಯ ಪಾಕ ಬದಲಿಸಿದುವು. ಗಡಸುನೀರಿನ ಊರುಗಳಲ್ಲಿ ಲೋಟಗಳ ಮೇಲೆ ಬಿಳಿಯ ಪೊರೆ ಕಾಣಿಸಿಕೊಂಡಿತು. ತಪ್ಪು ಸಾಬೂನಿನದು, ದೂರು ಹೋದದ್ದು ಯಂತ್ರದ ಮೇಲೆ. ನಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲದ ಪುಡಿಯನ್ನು ಹಾಕಿ ಒಮ್ಮೆ ಓಡಿಸಿದರೆ ಕರಗಿಹೋಗುವ ಪೊರೆಗಾಗಿ ಒಳ್ಳೆಯ ಯಂತ್ರವನ್ನೇ ಬದಲಿಸಿದವರೂ ಇದ್ದರು.

ಪ್ರಸ್ತುತ ಯಂತ್ರಕ್ಕೆ ಹೊಸ ಪಂಪೇ ಬೇಕು. ಅದು ಸಿಗಬೇಕಾದರೆ ಯಂತ್ರದ ಜಾತಕ ತಿಳಿಯಬೇಕು. ಬಾಗಿಲಿನ ಅಂಚಿನಲ್ಲೋ ತೊಟ್ಟಿಯ ಚೌಕಟ್ಟಿನಲ್ಲೋ ಅಂಟಿಸಿದ ಪಟ್ಟಿಯ ಮೇಲೆ ಅಕ್ಷರಗಳೂ ಅಂಕಿಗಳೂ ಬೆರೆತ ಮಾದರಿ ಸಂಖ್ಯೆ ಇರುತ್ತದೆ. ಕೊನೆಯ ಒಂದು ಅಂಕಿ ಅಳಿಸಿಹೋಗಿದ್ದರೂ ಫಜೀತಿ. ಹೊರಗಿನಿಂದ ಅವಳಿಗಳಂತೆ ಕಾಣುವ ಎರಡು ಯಂತ್ರಗಳ ಒಳಗೆ ಬೇರೆ ಬೇರೆ ಪಂಪುಗಳಿರಬಹುದು. ಬಿಡಿಭಾಗಕ್ಕೂ ಅದರದೇ ಸಂಖ್ಯೆಯುಂಟು. ಕಂಪನಿ ಕೈ ಬದಲಾಯಿಸಿದಾಗ, ನಕ್ಷೆ ತಿದ್ದಿದಾಗ ಆ ಸಂಖ್ಯೆ ಬದಲಾಗುತ್ತದೆ. ಹಳೆಯದರ ಬದಲು ಇದು, ಇದರ ಬದಲು ಇನ್ನೊಂದು ಎಂಬ ಸರಣಿ ಬೆಳೆಯುತ್ತದೆ. ತಾಳೆಗರಿಯ ಪ್ರತಿಗಳಲ್ಲಿ ಪಾಠಾಂತರ ಹುಡುಕುವ ಪಂಡಿತನಿಗೆ ಎಷ್ಟು ತಾಳ್ಮೆ ಬೇಕೋ ಮುದಿ ಯಂತ್ರದ ಪಂಪು ಹುಡುಕುವವನಿಗೂ ಅಷ್ಟೇ ಬೇಕು. ಹುಡುಕಿದವನಿಗೆ ಮೂರು ದಾರಿ: ತಯಾರಕರದೇ ಭಾಗ, ಬೇರೆಯವರು ಅದೇ ಅಳತೆಗೆ ಮಾಡಿದ ಅಗ್ಗದ ಭಾಗ, ಇಲ್ಲವೆ ಗುಜರಿಗೆ ಬಂದ ಅದೇ ಮಾದರಿಯ ಇನ್ನೊಂದು ಯಂತ್ರದಿಂದ ಕಳಚಿದ ಭಾಗ. ರಬ್ಬರಿನ ಪಟ್ಟಿಯಂಥದನ್ನು ಮಾತ್ರ ಹಳೆಯದರಿಂದ ಕಳಚಿ ತರುವುದು ಹಣ ದಂಡ.

ರಬ್ಬರಿನ ಮಾತು ಬಂದಾಗ ಅಮೆರಿಕದಲ್ಲಿ ನೆಲೆಸಿದ ನಮ್ಮವರ ನೆನಪಾಗದಿರದು. ಕನ್ನಡಿಗರೂ ಸೇರಿದಂತೆ ಅಲ್ಲಿನ ಹಲವು ಭಾರತೀಯ ಗೃಹಿಣಿಯರು ಪಾತ್ರೆಯನ್ನು ಕೈಯಿಂದಲೇ ತೊಳೆದು, ಡಿಶ್‌ವಾಷರಿನ ಗೂಡುಗಳಲ್ಲಿ ಒಣಗಲು ಇಡುವುದುಂಟು. ಸಾವಿರಾರು ರೂಪಾಯಿಯ ಯಂತ್ರ ಅಲ್ಲಿ ಪಾತ್ರೆಸ್ಟ್ಯಾಂಡು! ಬೂದಿ, ಹುಣಿಸೇಹಣ್ಣು, ತೆಂಗಿನ ನಾರುಗಳಿಂದ ಕಂಚು ಹಿತ್ತಾಳೆಗಳನ್ನು ಬೆಳಗಿದವರ ಮೊಮ್ಮಕ್ಕಳಿಗೆ ಮುಚ್ಚಿದ ಪೆಟ್ಟಿಗೆಯ ಮೇಲೆ ನಂಬಿಕೆ ಹುಟ್ಟದಿರುವುದು ಸಹಜವೇ. ಆದರೆ ಬಳಸದ ಯಂತ್ರ ಉಳಿದೀತೆಂಬುದು ಭ್ರಮೆ. ನೀರು ತಾಕದೆ ಪಂಪಿನ ಒಳಬಿರಡೆಗಳೂ ಬಾಗಿಲಿನ ಪಟ್ಟಿಯೂ ಒಣಗಿ ಬಿರಿಯುತ್ತವೆ. ಎಂದೋ ನೆಂಟರು ಬಂದ ದಿನ ಗುಂಡಿ ಒತ್ತಿದರೆ ನೆಲವೆಲ್ಲ ನೀರು. ಬಳಸುವವರ ಮನೆಯ ಕಥೆ ಬೇರೆ: ಅಲ್ಲಿ ಒಗ್ಗರಣೆಯ ಸಾಸಿವೆ ತೋಳಿನ ತೂತುಗಳಿಗೆ ಬಿರಡೆಯಾಗುತ್ತದೆ. ಒಂದು ಸೂಜಿಯಿದ್ದರೆ ಸಾಕು, ಆ ರಿಪೇರಿ ಮುಗಿಯಿತು.

ಬೇಕೆಂದವನಿಗೆಲ್ಲ ಬಿಡಿಭಾಗ ಸಿಗಬೇಕೆ ಬೇಡವೆ ಎಂಬುದು ಈಗ ಶಾಸನಸಭೆಗಳ ವಿಷಯವಾಗಿದೆ. ಯೂರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಜಾರಿಗೆ ಬಂದ ನಿಯಮದಂತೆ, ಬಾಗಿಲಿನ ಕೀಲು, ರಬ್ಬರಿನ ಪಟ್ಟಿ, ಸಿಂಪಡಿಸುವ ತೋಳು, ಶೋಧಕ, ಗೂಡು ಮೊದಲಾದುವನ್ನು ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ 10 ವರ್ಷದವರೆಗೆ ತಯಾರಕರು ಒದಗಿಸಬೇಕು. ಬೇಡಿಕೆ ಬಂದ 15 ಕೆಲಸದ ದಿನಗಳೊಳಗೆ ಕಳುಹಿಸಬೇಕು. ಆದರೆ ಮೋಟಾರು, ಪಂಪು, ಕಾವಿನ ಸರಳು, ವಿದ್ಯುನ್ಮಾನ ಫಲಕಗಳಿಗೆ ಬೇರೆ ಪಂಕ್ತಿ: ಅವು 7 ವರ್ಷ, ಅದೂ ವೃತ್ತಿಯ ಮೇಸ್ತ್ರಿಗಳಿಗೆ. ಕೀಲು ಗೃಹಸ್ಥನಿಗೆ, ಹೃದಯ ಮೇಸ್ತ್ರಿಗೆ! ವಿದ್ಯುತ್ತಿನ ಅಪಾಯ ಇದಕ್ಕೆ ಕೊಡುವ ಕಾರಣ. ಕಾರಣದಲ್ಲಿ ಹುರುಳಿಲ್ಲವೆನ್ನಲಾಗದು, ಆದರೂ ಪ್ಲಗ್ಗನ್ನು ಕಿತ್ತು ಕೆಲಸ ಮಾಡುವ ವಿವೇಕ ಗೃಹಸ್ಥನಿಗಿಲ್ಲವೆಂದು ಮೊದಲೇ ತೀರ್ಮಾನಿಸುವುದು ನ್ಯಾಯವೆನಿಸುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾಯಿದೆ ಇನ್ನೂ ಉದಾರವಾದುದು. 100 ಡಾಲರು ಮೇಲ್ಪಟ್ಟ ಉಪಕರಣಗಳ ಬಿಡಿಭಾಗ, ಹತಾರ, ವಿವರಣೆಗಳನ್ನು ಮೇಸ್ತ್ರಿಗೂ ಮನೆಯೊಡೆಯನಿಗೂ 7 ವರ್ಷ ಕೊಡಬೇಕೆಂದು ಅದು ವಿಧಿಸುತ್ತದೆ. ಆದರೆ ಅದು ಅನ್ವಯಿಸುವುದು 2021ರ ಜುಲೈ 1ರ ಈಚಿನ ಯಂತ್ರಗಳಿಗೆ. ನಿಜವಾಗಿ ಮುದಿಯಾದ ಯಂತ್ರಕ್ಕೆ ಯಾವ ಕಾಯಿದೆಯ ಆಸರೆಯೂ ಇಲ್ಲ. ಅದಕ್ಕೆ ಸತ್ತ ಸೋದರ ಯಂತ್ರಗಳೇ ಗತಿ.

ಹಳೆಯದೆಲ್ಲವೂ ಹೊನ್ನೆಂದು ಹೇಳುವುದೂ ಸರಿಯಲ್ಲ. ಅಮೆರಿಕದಲ್ಲಿ 2013ರಿಂದ ತಯಾರಾದ ಸಾಮಾನ್ಯ ಅಳತೆಯ ಯಂತ್ರ ಒಂದು ಸರದಿಗೆ 5 ಗ್ಯಾಲನಿಗಿಂತ, ಎಂದರೆ ಸುಮಾರು 19 ಲೀಟರಿಗಿಂತ ಹೆಚ್ಚು ನೀರು ಕುಡಿಯಕೂಡದೆಂದು ನಿಯಮವಾಯಿತು. ಅದಕ್ಕೆ ಮೊದಲಿನ ಎಷ್ಟೋ ಯಂತ್ರಗಳ ಬಾಯಾರಿಕೆ ಇದಕ್ಕಿಂತ ಬಹಳ ದೊಡ್ಡದು. ತೊಟ್ಟಿಯೇ ತೂತಾಗಿದ್ದರೆ, ಮುಖ್ಯ ಮೋಟಾರೇ ಸುಟ್ಟಿದ್ದರೆ ರಿಪೇರಿಯ ಹಟ ಬಿಡುವುದೇ ಲೇಸು. ಆದರೆ ಇಲ್ಲಿ ಸೋತದ್ದು ಅಂಗೈಯಗಲದ ಒಂದು ಪಂಪು ಮಾತ್ರ.

ಒಂದು ವಾರದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಪಂಪು ಬಂದಿತು. ಜೊತೆಗೆ ಬಾಗಿಲಿನ ಪಟ್ಟಿಯನ್ನೂ ಗೂಡಿನ ನಾಲ್ಕು ಗಾಲಿಗಳನ್ನೂ ಗೃಹಸ್ಥ ತರಿಸಿದ್ದ. ಕಟ್ಟೆಯ ಕೆಳಗಿನ ತಗಡನ್ನು ಬಿಚ್ಚಿ, ನೆಲದ ಮೇಲೆ ಮಲಗಿ, ಹಳೆಯ ಪಂಪಿನ ತಂತಿಗಳು ಹೇಗಿದ್ದುವೆಂದು ಮೊದಲು ಚಿತ್ರ ತೆಗೆದುಕೊಂಡು, ಹೊಸದನ್ನು ಕೂರಿಸಿದ. ಹೊರಗೆ ನೀರು ಒಯ್ಯುವ ಕೊಳವೆಯನ್ನು ಕಟ್ಟೆಯ ಅಡಿಯವರೆಗೆ ಎತ್ತಿ ಕಮಾನಿನಂತೆ ಬಾಗಿಸಿ ಕಟ್ಟಿದ. ಹಾಗೆ ಕಟ್ಟದಿದ್ದರೆ ಬಚ್ಚಲಿನ ನೀರು ಹಿಂದಕ್ಕೆ ಹರಿದು ತೊಟ್ಟಿ ಸೇರುವ ಅಪಾಯವುಂಟು. ಹೆಂಡತಿ ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಮೇಲಿನ ಮಧ್ಯದಿಂದ ಆರಂಭಿಸಿ ಎರಡೂ ಪಕ್ಕಕ್ಕೆ ಗಾಡಿಯಲ್ಲಿ ಒತ್ತುತ್ತ ಬಂದಳು. ತುಕ್ಕು ಹಿಡಿದ ಗೂಡಿನ ಹಲ್ಲುಗಳಿಗೆ ಪ್ಲಾಸ್ಟಿಕ್ಕಿನ ಟೊಪ್ಪಿಗೆ ತೊಡಿಸಿದಳು.

ನೀರು ಬಿಟ್ಟು, ವಿದ್ಯುತ್ತು ಕೊಟ್ಟು, ಇಬ್ಬರೂ ಯಂತ್ರದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಟಿಕ್ ಟಿಕ್ ಎಂದು ಉರುಳೆ ಸರಿಯಿತು. ನೀರು ಬಂದ ಸದ್ದು. ತೋಳುಗಳು ತಿರುಗಿ ತಟ್ಟೆಗಳ ಮೇಲೆ ಮಳೆ ಹೊಯ್ದ ಸದ್ದು. ಬಹಳ ಹೊತ್ತಿನ ಮೇಲೆ, ಕೊಳೆನೀರು ಗಳಗಳನೆ ಕೊಳವೆಯಲ್ಲಿ ಏರಿ ಹೊರಗೆ ಹೋದ ಸದ್ದು. ನೆಲ ಒಣಗಿಯೇ ಇತ್ತು. ಗೃಹಸ್ಥ ಎದ್ದು ಕೈಯೊರಸಿಕೊಂಡು ಹತಾರಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಹೆಂಡತಿ ಬಟ್ಟಲೊಂದನ್ನು ಮುಂದೆ ಹಿಡಿದಳು. ಅದರಲ್ಲಿ ಒಂದು ತಿರುಪು ಉಳಿದಿತ್ತು.