ಗಿರಿಯೇರಿದ ಗೋವಿನ ಎದೆ

ಕಲಬುರಗಿಯಿಂದ ಹುಮನಾಬಾದಿನತ್ತ ಹೊರಟ ಪ್ರಯಾಣಿಕನಿಗೆ ದಾರಿಯಲ್ಲಿ ದೊರೆಯುವ ಊರು ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಆ ಸೀಮೆಯ ಹೊಲಗಳಲ್ಲಿ ದೇವಣಿ ತಳಿಯ ಎತ್ತುಗಳು ಉರಿಬಿಸಿಲನ್ನೂ ಲೆಕ್ಕಿಸದೆ ದುಡಿಯಬಲ್ಲವು. ಕಲಬುರಗಿ ನಗರವು ಸಮುದ್ರಮಟ್ಟದಿಂದ ಸುಮಾರು 450 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿಯಲ್ಲಿ ಪ್ರಾಣವಾಯುವಿನ ಬಡತನವಿಲ್ಲ. ಇದೇ ಎತ್ತನ್ನು 3500 ಮೀಟರು ಎತ್ತರದ ಲೇಹ್ ನಗರಕ್ಕೆ ಒಯ್ದರೆ ಏನಾದೀತು? ಅಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ.

ಶ್ವಾಸಕೋಶದ ಒಂದು ಮೂಲೆಗೆ ಪ್ರಾಣವಾಯು ಸಾಲದಾದರೆ ಅಲ್ಲಿಯ ರಕ್ತನಾಳಗಳು ಬಿಗಿದುಕೊಂಡು, ರಕ್ತವನ್ನು ಚೆನ್ನಾಗಿ ಗಾಳಿಯಾಡುವ ಭಾಗಕ್ಕೆ ತಿರುಗಿಸುತ್ತವೆ. ಬಯಲುನಾಡಿನಲ್ಲಿ ಇದು ಪ್ರಕೃತಿಯ ಜಾಣತನ. ಪರ್ವತದಲ್ಲಿ ಇದೇ ಮುಳುವಾಗುತ್ತದೆ. ಅಲ್ಲಿ ಇಡೀ ಶ್ವಾಸಕೋಶವೇ ಪ್ರಾಣವಾಯುವಿಗಾಗಿ ಹಂಬಲಿಸುವುದರಿಂದ ನಾಳಗಳೆಲ್ಲವೂ ಒಟ್ಟಿಗೆ ಬಿಗಿಯುತ್ತವೆ. ದನಗಳ ಈ ನಾಳಗಳಿಗೆ ಹುಟ್ಟಿನಿಂದಲೇ ಸ್ನಾಯು ಹೆಚ್ಚು. ಹೃದಯದ ಬಲಭಾಗವು ರಕ್ತವನ್ನು ನೂಕಿ ನೂಕಿ ದಣಿದು, ಕೊನೆಗೆ ಸೋಲುತ್ತದೆ. ಆಗ ಕತ್ತಿನ ರಕ್ತನಾಳ ಉಬ್ಬುತ್ತದೆ; ಗಂಗೆದೊಗಲು, ಎದೆಯ ಕೆಳಭಾಗಗಳಲ್ಲಿ ನೀರು ತುಂಬಿ ಬಾವು ಕಾಣುತ್ತದೆ. ಅಮೆರಿಕದ ಕೊಲರಾಡೊ ಪ್ರಾಂತದ ಗ್ಲೋವರ್ ಮತ್ತು ನ್ಯೂಸಮ್ ಎಂಬ ಪಶುವೈದ್ಯರು 1915ರಲ್ಲಿ ಈ ರೋಗವನ್ನು ವಿವರಿಸಿದರು.

ಮನುಷ್ಯರ ಪಾಡು ತುಸು ಬೇರೆ. ಹಿಮಾಲಯಕ್ಕೆ ಹೋದ ನಮ್ಮ ಸೈನಿಕರಲ್ಲಿ ಕಂಡ ವ್ಯಾಧಿಯನ್ನು ಇಂದರ್ ಸಿಂಗ್ ಮತ್ತು ಸಂಗಡಿಗರು 1965ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅಲ್ಲಿ ನೀರು ತುಂಬುವುದು ಶ್ವಾಸಕೋಶದೊಳಗೆ. ಕ್ಷ-ಕಿರಣದ ಚಿತ್ರದಲ್ಲಿ ಅದು ಅರಳೆ ಚೆಲ್ಲಿದಂತೆ ತೋರುತ್ತದೆ. ದನದಲ್ಲಾದರೋ ಪೆಟ್ಟು ಬೀಳುವುದು ಮುಖ್ಯವಾಗಿ ನಾಳಗಳಿಗೆ ಮತ್ತು ಹೃದಯಕ್ಕೆ. ಆದಕಾರಣ ವೈದ್ಯನು ಚಿತ್ರದಲ್ಲಿ ಹುಡುಕಬೇಕಾದ ಗುರುತುಗಳೂ ಬೇರೆ.

ಹಾಗಾದರೆ ಈ ದೊಡ್ಡ ದೇಹದೊಳಗೆ ಇಣುಕುವ ಬಗೆ ಹೇಗೆ? ರಾಂಟ್‌ಗೆನ್ನನು 1895ರಲ್ಲಿ ಕಂಡುಹಿಡಿದ ಕ್ಷ-ಕಿರಣವು ಕರುವಿನ ಎದೆಯನ್ನು ಸುಲಭವಾಗಿ ತೋರಿಸೀತು; ಬೆಳೆದ ಹೋರಿಯ ಎದೆಯನ್ನು ಹಾಯಲು ಬಲಿಷ್ಠ ಯಂತ್ರವೇ ಬೇಕು. ಸಿ.ಟಿ. ಸ್ಕ್ಯಾನಿಗೆ ಪ್ರಾಣಿ ಅಲುಗಾಡದೆ ಮಲಗಿರಬೇಕು; ಆ ಭಾರವನ್ನು ತಾಳುವ ಮೇಜೂ ಬೇಕು. ಆದ್ದರಿಂದ ಕೊಟ್ಟಿಗೆಗೇ ಕೊಂಡೊಯ್ಯಬಹುದಾದ ಅಲ್ಟ್ರಾಸೌಂಡ್ ಯಂತ್ರವು ಬಹಳ ಉಪಯುಕ್ತ. ಗಾಳಿ ತುಂಬಿದ ಶ್ವಾಸಕೋಶವು ಶಬ್ದದ ಅಲೆಗಳನ್ನು ಹಿಂದಕ್ಕಟ್ಟುವುದರಿಂದ ತೆರೆಯ ಮೇಲೆ ಅಡ್ಡಗೆರೆಗಳು ಮೂಡುತ್ತವೆ. ನೀರು ಸೇರಿದರೆ ನೀಳವಾದ ಉದ್ದಗೆರೆಗಳು ಇಳಿಯುತ್ತವೆ. ಹೃದಯದ ಬಲಗೂಡು ಹಿಗ್ಗಿದೆಯೇ ಎಂಬುದನ್ನೂ ಅದು ತೋರಿಸಬಲ್ಲದು. ಆದರೂ ನಾಳದ ಒತ್ತಡವನ್ನು ನಿಖರವಾಗಿ ತಿಳಿಯಲು ಕತ್ತಿನ ರಕ್ತನಾಳದ ಮೂಲಕ ಸಪುರ ನಳಿಕೆಯನ್ನು ಒಳಕ್ಕೆ ಸಾಗಿಸಬೇಕು. ಕೊಲರಾಡೊದಲ್ಲಿ ಬೀಜದ ಹೋರಿಗಳನ್ನು ಹೀಗೆಯೇ ಪರೀಕ್ಷಿಸುತ್ತಾರೆ. ಏಕೆಂದರೆ ಈ ದೌರ್ಬಲ್ಯವು ತಲೆಮಾರಿಗೆ ಹರಿದುಬರುವಂಥದು.

ಈ ವಂಶವಾಹಿನಿಯ ಗುಟ್ಟಿಗೆ ನಮ್ಮ ಲಡಾಖವೂ ಸಾಕ್ಷಿ ನುಡಿದಿದೆ. ಆನಂದ್ ಮತ್ತು ಸಂಗಡಿಗರು ಅಲ್ಲಿ ಯಾಕ್, ದನ ಹಾಗೂ ಅವುಗಳ ಮಿಶ್ರ ಸಂತಾನಗಳ ಶ್ವಾಸನಾಳಗಳಲ್ಲ, ಶ್ವಾಸಕೋಶದ ರಕ್ತನಾಳಗಳ ಒತ್ತಡವನ್ನು ಅಳೆದು 1986ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯಾಕಿನ ನಾಳಗಳು ಎತ್ತರದಲ್ಲಿಯೂ ಅಷ್ಟಾಗಿ ಬಿಗಿಯುವುದಿಲ್ಲ. ಯಾಕ್ ಮತ್ತು ದನಗಳ ಕೂಡಿಕೆಯಿಂದ ಹುಟ್ಟಿದ ‘ಜೋ’ಗೂ ಆ ಗುಣ ಬಂದಿತ್ತು.

ಕಮಲಾಪುರದ ರೈತನ ಹಸು ಏದುಸಿರು ಬಿಟ್ಟರೆ ಅದು ಪರ್ವತದ ರೋಗವಲ್ಲ; ನ್ಯುಮೋನಿಯಾ ಮುಂತಾದ ಬೇರೆ ಕಾರಣಗಳಿರುತ್ತವೆ. ಆದರೂ ಉಪಕರಣ ಅದೇ, ನೋಡುವ ವಿದ್ಯೆಯೂ ಅದೇ. ನೆರೆಯ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವುದು ಈ ಭಾಗದ ಸುದೈವ. ಗುಡ್ಡಗಾಡಿನ ದನಕ್ಕಾದರೆ ಮೊದಲ ಮದ್ದು, ಅದನ್ನು ಮೆಲ್ಲಗೆ, ದಣಿಸದೆ ಕೆಳಕ್ಕೆ ಇಳಿಸುವುದು. ಹಾಲಿನ ಆಸೆಗೆ ಬಯಲಿನ ಹಸುವನ್ನು ಬೆಟ್ಟಕ್ಕೆ ಹತ್ತಿಸುವವರು ಬೆಲೆ ಕೇಳುವ ಮೊದಲು ಅದರ ತಳಿಯನ್ನು ಕೇಳಲಿ. ಉಸಿರು ಕಟ್ಟುತ್ತಿದೆಯೆಂದು ಆ ಮೂಕಪ್ರಾಣಿ ಬಾಯಿಬಿಟ್ಟು ಹೇಳಲಾರದು.